ಮೊಟ್ಟೆಯ ಬಿಳಿಯೂ ಮೂಟೆ ಉಪ್ಪೂ

ಮಕ್ಕಳೇ, ಮೊನ್ನೆ ನೀವಿಬ್ಬರೂ ಜಗಲಿಯ ಮೇಲೆ ಕೂತು ವಿಜ್ಞಾನದ ಪಾಠ ಓದುತ್ತಿದ್ದಿರಿ. ಬೆರೆತ ವಸ್ತುಗಳನ್ನು ಬೇರೆ ಬೇರೆ ಮಾಡುವ ಬಗೆಗಳು: ಸೋಸುವುದು, ಆವಿ ಮಾಡುವುದು, ಕೊನೆಗೆ ಕ್ರೊಮ್ಯಾಟೋಗ್ರಫಿ. ಆ ಕೊನೆಯ ಮಾತು ನಿಮ್ಮ ನಾಲಿಗೆಗೇ ಸಿಕ್ಕಲಿಲ್ಲ. "ಅಜ್ಜಿ ಕೈಲಿ ಹೇಳಿಸೋಣ" ಅಂತ ನಕ್ಕಿರಿ. ನಾನೂ ನಕ್ಕು ಒಳಗೆ ಹೋದೆ. ಸುಮ್ಮನಿದ್ದುಬಿಡುವುದು ನನಗೆ ಹುಟ್ಟಿನಿಂದ ಬಂದ ಗುಣ. ಆದರೆ ಒಲೆ ಮುಂದೆ ನಿಂತಾಗ ಅನ್ನ ತಳ ಹಿಡಿದಿದ್ದೂ ತಿಳಿಯಲಿಲ್ಲ. ನಿಮ್ಮ ಮೇಲಿನ ಸಿಟ್ಟಿಗಲ್ಲ. ಆ ಕೆಲಸವನ್ನು ನಾನು ಮಾಡಿದ್ದೇನೆ, ಅದರ ಜೊತೆಗೇ ನಡೆದ ಒಂದು ಅನ್ಯಾಯವನ್ನೂ ನೋಡಿದ್ದೇನೆ. ಬಾಯಲ್ಲಿ ಹೇಳಲಾರೆ, ಬರೆದು ಕೊಡುತ್ತೇನೆ.

ನಿಮ್ಮ ತಾತ ಹೋದ ಮೇಲೆ ನಾನು ಮಾಲೂರಿನ ಹೊರಗಿನ ಮೊಟ್ಟೆ ಕಾರ್ಖಾನೆಗೆ ಸೇರಿದೆ. ಮೊಟ್ಟೆ ಕಾರ್ಖಾನೆ ಅಂದರೆ ಮೊಟ್ಟೆ ಮಾಡುವುದಲ್ಲ, ಒಡೆಯುವುದು. ಲಾರಿಯಲ್ಲಿ ಬಂದ ಮೊಟ್ಟೆಗಳನ್ನು ಹೆಂಗಸರು ಒಡೆದು ಹಳದಿಯನ್ನೂ ಬಿಳಿಯನ್ನೂ ಬೇರೆ ಮಾಡುತ್ತಿದ್ದರು. ಹಳದಿ ಬೇಕರಿಗಳಿಗೆ ಹೋಗುತ್ತಿತ್ತು. ಬಿಳಿ ಜರಡಿ ದಾಟಿ ಒಂದು ಸ್ಟೀಲ್ ಟ್ಯಾಂಕಿಗೆ ಬೀಳುತ್ತಿತ್ತು, ಅಲ್ಲಿಂದ ಕಾಲಂ ರೂಮಿಗೆ, ಆಮೇಲೆ ಒಣಗಿಸಿ ಪುಡಿ ಮಾಡುವ ಕಡೆಗೆ. ಮೊದಲು ನಾನೂ ಮೊಟ್ಟೆ ಒಡೆಯುವ ದೊಡ್ಡ ಕೋಣೆಯಲ್ಲಿದ್ದೆ, ಅದಕ್ಕೆ ಹಾಲ್ ಅನ್ನುತ್ತಿದ್ದರು. ಮಾತಾಡುವುದಿಲ್ಲ, ಹೇಳಿದ್ದನ್ನು ಮರೆಯುವುದಿಲ್ಲ ಅಂತ ಕಾಲಂ ರೂಮಿಗೆ ಹಾಕಿದರು.

ಕಾಲಂ ಅಂದರೆ ಆಳೆತ್ತರದ ಒಂದು ಕೊಳವೆ. ಅದರ ತುಂಬ ಸಣ್ಣ ರವೆಯಂಥ ಮಣಿಗಳು, ಅದಕ್ಕೆ ರೆಸಿನ್ ಅನ್ನುತ್ತಾರೆ. ಮೊಟ್ಟೆಯ ಬಿಳಿಯಲ್ಲಿ ಲೈಸೋಜೈಮ್ ಅಂತ ಒಂದು ವಸ್ತು ಸ್ವಲ್ಪವೇ ಸ್ವಲ್ಪ ಇರುತ್ತದೆ. ಮರಿಗೆ ರೋಗಾಣು ತಗಲದಿರಲಿ ಅಂತ ಕೋಳಿ ಇಟ್ಟುಕೊಂಡ ಔಷಧ ಅದು. ಆ ಕಾರ್ಖಾನೆಯಲ್ಲಿ ಅದಕ್ಕಿದ್ದ ಬೆಲೆ ಬೇರೆ ಯಾವುದಕ್ಕೂ ಇರಲಿಲ್ಲ. ಬಿಳಿಯಿಂದ ಅದೊಂದನ್ನು ಹಿಡಿದು ಇಡುವುದು ಆ ಮಣಿಗಳ ಕೆಲಸ.

ಹಿಡಿಯುವುದು ಹೇಗೆ ಅಂತ ನನಗೆ ಹೇಳಿಕೊಟ್ಟವಳು ಅಲ್ಲಿನ ಕೆಮಿಸ್ಟ್ ಹುಡುಗಿ. ಶ್ರೀನಿವಾಸಪುರದವಳು, ಓದು ಮುಗಿಸಿ ಬಂದ ಮೊದಲ ಕೆಲಸ.

"ಅಮ್ಮ, ಮಾಲೂರು ಸ್ಟೇಷನ್ನಲ್ಲಿ ಬೆಳಿಗ್ಗೆ ಬೆಂಗಳೂರು ರೈಲು ನೋಡಿದ್ದೀರಾ?"

"ನೋಡಿದೀನಿ ಕಣಮ್ಮ. ಕಾಲಿಡೋಕೂ ಜಾಗ ಇರಲ್ಲ."

"ಈ ಒಂದೊಂದು ಮಣೀನೂ ಒಂದೊಂದು ಬೋಗಿ ಅನ್ಕೊಳ್ಳಿ. ಒಳಗಿನ ಸೀಟೆಲ್ಲ ಮೈನಸ್. ಅಲ್ಲಿ ಪ್ಲಸ್ ಇರೋರಿಗೆ ಮಾತ್ರ ಜಾಗ. ಬಿಳೀಲಿ ಇರೋದ್ರಲ್ಲಿ ಹೆಚ್ಚಿನವು ಮೈನಸ್ಸು, ಅವಕ್ಕೆ ಸೀಟಿಲ್ಲ, ಪ್ಲಾಟ್‌ಫಾರಂ ಮೇಲೆ ನಡ್ಕೊಂಡು ಆ ಕಡೆಯಿಂದ ಹೊರಟು ಹೋಗ್ತವೆ. ನಮ್ದು ಗಟ್ಟಿ ಪ್ಲಸ್ಸು. ಅದು ಹತ್ತಿ ಕೂತ್ಕೊಳ್ಳುತ್ತೆ."

"ಕೂತಿದ್ದನ್ನ ಎಬ್ಬಿಸೋದು ಹೆಂಗೆ?"

"ಉಪ್ಪುನೀರು ಬಿಡ್ತೀವಲ್ಲ, ಅದಕ್ಕೇ. ಉಪ್ಪು ನೀರಲ್ಲಿ ಕರಗಿದ್ರೆ ಸೋಡಿಯಂ ಬಿಡಿಯಾಗುತ್ತೆ, ಅದೂ ಪ್ಲಸ್ಸೇ. ಒಂದೊಂದೇ ಬಂದ್ರೆ ಬಡಪಾಯಿ. ಗುಂಪಲ್ಲಿ ನುಗ್ಗಿದ್ರೆ ಕೂತೋರು ಏಳಲೇಬೇಕು. ಸಡಿಲವಾಗಿ ಕೂತಿರೋರು ನಾಲ್ಕು ಜನ ಹತ್ತಿದ್ರೂ ಎದ್ಬಿಡ್ತಾರೆ. ಕಿಟಕಿ ಪಕ್ಕ ಗಟ್ಟಿಯಾಗಿ ಕೂತಿರೋರನ್ನ ಎಬ್ಬಿಸೋಕೆ ದೊಡ್ಡ ಗುಂಪೇ ಬೇಕು. ಅದಕ್ಕೇ ಮೊದಲು ತೆಳುವಾದ ಉಪ್ಪುನೀರು, ಕಸ ಎದ್ದು ಹೋಗುತ್ತೆ. ಆಮೇಲೆ ಗಟ್ಟಿ ಉಪ್ಪುನೀರು, ನಮ್ಮ ಲೈಸೋಜೈಮ್ ಎದ್ದು ಬರುತ್ತೆ."

ಅಷ್ಟೇ ಮಕ್ಕಳೇ. ನಿಮ್ಮ ಪುಸ್ತಕದ ಆ ದೊಡ್ಡ ಮಾತಿನಲ್ಲಿ ಒಂದು ಬಗೆ ಇದು, ಅಯಾನು ವಿನಿಮಯ ಅನ್ನುತ್ತಾರೆ. ಕೂತವರು ಏಳುವುದು, ಬಂದವರು ಕೂರುವುದು.

ಕೆಲಸದಲ್ಲಿ ಮಾತ್ರ ಅವಸರ ಸಲ್ಲುತ್ತಿರಲಿಲ್ಲ. ಮೊದಲು ಶುದ್ಧ ನೀರು ಬಿಟ್ಟು ಹಿಂದಿನ ಉಪ್ಪನ್ನೆಲ್ಲ ತೊಳೆಯಬೇಕು. ನೀರಲ್ಲಿ ಉಪ್ಪೆಷ್ಟಿದೆ ಅಂತ ತೋರಿಸುವ ಮೀಟರಿನ ಅಂಕಿ ಪೂರ್ತಿ ಇಳಿಯಬೇಕು. ಆಮೇಲೆ ಬಿಳಿಯನ್ನು ನಿಧಾನ ಬಿಡಬೇಕು. ಮಣಿಗಳ ಮೇಲೆ ಯಾವಾಗಲೂ ಗೇಣುದ್ದ ದ್ರವ ನಿಂತಿರಬೇಕು, ಇಲ್ಲದಿದ್ದರೆ ಗಾಳಿ ಹೊಕ್ಕು ಮಣಿಯ ರಾಶಿ ಬಿರುಕು ಬಿಡುತ್ತದೆ, ಬಿಳಿಯೆಲ್ಲ ಆ ಬಿರುಕಿನಲ್ಲೇ ಹರಿದುಹೋಗುತ್ತದೆ. ಉಪ್ಪುನೀರು ಬಿಟ್ಟಾಗ ಕಂಪ್ಯೂಟರ್ ಪರದೆಯ ಮೇಲೆ, ಲೈಸೋಜೈಮ್ ಎಷ್ಟು ಹೊರಬಂತು ಅಂತ ತೋರಿಸುವ ಒಂದು ಗೀಟು ಏಳುತ್ತಿತ್ತು. ಅದು ಅಂತರಗಂಗೆ ಬೆಟ್ಟದ ಹಾಗೆ ನೆಟ್ಟಗೆ ಎದ್ದು ಇಳಿದರೆ ಆ ದಿನದ ಕೆಲಸ ಚೆನ್ನಾಗಿ ಆಯಿತು ಅಂತ ಲೆಕ್ಕ.

ಬೇಸಿಗೆ ಬಂತು. ಕಾರ್ಖಾನೆಯ ಬೋರ್‌ವೆಲ್ಲಿನಲ್ಲಿ ನೀರು ಇಳಿಯಿತು. ಮ್ಯಾನೇಜರ್ ತೊಳೆಯುವ ನೀರಿಗೆ ಕಡಿವಾಣ ಹಾಕಿದ. ಒಡೆಯುವ ಹಾಲಿಗೆ ಬರುತ್ತಿದ್ದ ಬಿಸಿನೀರೂ ನಿಂತಿತು, ತೊಳೆಯುವ ಸೋಪಿನ ಕ್ಯಾನೂ ನಿಂತಿತು. ಅವನು ಅಂತ ಬರೆಯುತ್ತಿದ್ದೇನೆ. ದೊಡ್ಡವರಿಗೆ ಬಹುವಚನ ಕೊಡಬೇಕು ಅಂತ ನಿಮಗೆ ಕಲಿಸಿದವಳು ನಾನೇ. ಇವನಿಗೆ ಕೊಡಲು ನನಗೆ ಮನಸ್ಸಿಲ್ಲ.

ಮೊಟ್ಟೆಯ ವಾಸನೆಗೆ ನಮ್ಮ ಕಡೆ ನೀಚು ಅನ್ನುತ್ತೇವೆ. ದಿನವಿಡೀ ಮೊಟ್ಟೆ ಒಡೆದ ಕೈಯ ನೀಚು ಬರಿ ತಣ್ಣೀರಿಗೆ ಹೋಗುವುದಿಲ್ಲ. ಕೋಲಾರದ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ಹೋಗುತ್ತಿದ್ದರು. ನನ್ನ ಜೊತೆ ಅದೇ ಬಸ್ಸಿಗೆ ಬರುತ್ತಿದ್ದವಳು ಟ್ಯಾಂಕು, ಬಕೆಟ್ಟು, ಜರಡಿ ತೊಳೆಯುವ ಹೆಂಗಸು. ಮುಳಬಾಗಿಲಿನ ಆಚೆ ಗಡಿಯ ಊರಿನವಳು, ಕೋಲಾರದಲ್ಲಿ ಮನೆ ಮಾಡಿದ್ದಳು, ಮಾತು ಅರ್ಧ ತೆಲುಗು. ಎಲ್ಲರೂ ಅವಳನ್ನು ಮುಳಬಾಗಿಲಕ್ಕ ಅಂತಲೇ ಕರೆಯುತ್ತಿದ್ದರು. ನಾನು ಎಷ್ಟು ಮೂಕಿಯೋ ಅವಳು ಅಷ್ಟು ಬಾಯಿಬಡುಕಿ. "ಏಮಕ್ಕಾ, ನಾವು ಹತ್ತಿದ್ರೆ ಸೀಟು ತಾನಾಗೇ ಖಾಲಿ ನೋಡು, ಮಂತ್ರಿಗಳಿಗೂ ಈ ಮರ್ಯಾದೆ ಇಲ್ಲ" ಅಂತ ನಗುತ್ತಿದ್ದಳು. ನಕ್ಕ ಮೇಲೆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

ಸೋಪು ಕೇಳಿದವಳೂ ಅವಳೇ. ಹಾಲಿನಲ್ಲಿ ಎಲ್ಲರ ಮುಂದೆ ಮ್ಯಾನೇಜರನ್ನು ತಡೆದು ನಿಲ್ಲಿಸಿದಳು. ಒಡೆದ ಚಿಪ್ಪು ಬಾಚಿಕೊಂಡು ಹೋಗಲು ಬಂದ ನಾನೂ ಅಲ್ಲಿದ್ದೆ.

"ಸಾರ್, ಈ ನೀಚು ಚಚ್ಚಿನಾ ಪೋದು, ಸತ್ರೂ ಹೋಗಲ್ಲ. ಟ್ಯಾಂಕಿಗೂ ವಾಸ್ನೆ ಹಿಡಿದೈತೆ. ಸೋಪು ಕೊಡ್ಸಿ."

"ಮನೇಲಿ ಮೊಟ್ಟೆ ಪಾತ್ರೆ ಹೆಂಗಮ್ಮ ತೊಳೀತೀರ? ಉಪ್ಪು ಹಾಕಿ ಉಜ್ಜಲ್ವಾ? ಇಲ್ಲಿ ಮೂಟೆ ಮೂಟೆ ಬಿದ್ದಿದೆ. ಹಾಕಿ ಉಜ್ಜಿ. ಎಲ್ಲಾದಕ್ಕೂ ಕಂಪನಿ ಸೋಪೇ ಕೊಡಬೇಕಾ? ಏನು ಮದುವೆ ಹೆಣ್ಣಾ ನೀನು?"

ಅವನ ಹಿಂದೆ ಬಂದಿದ್ದವರು ನಕ್ಕರು. ಮಕ್ಕಳೇ, ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅವಳು ಹೇಳಿದಂತೆ ಮಾಡಿದಳು. ಕಾಲಂಗೆ ಅಂತ ತರಿಸಿದ ಕಲ್ಲುಪ್ಪಿನ ಮೂಟೆಗಳು ಕಾರ್ಖಾನೆಯೊಳಗಿನ ಓಣಿಯಲ್ಲೇ ಇರುತ್ತಿದ್ದವು. ಸಂಜೆ ಬೊಗಸೆ ಬೊಗಸೆ ಉಪ್ಪು ಹಾಕಿ ಟ್ಯಾಂಕನ್ನೂ ಬಕೆಟ್ಟನ್ನೂ ಉಜ್ಜುತ್ತಿದ್ದಳು. ನೀಚು ನಿಜವಾಗಿಯೂ ಹೋಯಿತು. ಆಮೇಲೆ ಕೊಟ್ಟಷ್ಟೇ ನೀರಿನಲ್ಲಿ ತೊಳೆದಳು.

ಅದಾದ ಮೇಲೆ ಪರದೆಯ ಮೇಲಿನ ಬೆಟ್ಟ ಕುಗ್ಗತೊಡಗಿತು. ಮೊದಲು ಗುಡ್ಡದಷ್ಟಾಯಿತು, ಆಮೇಲೆ ಹುತ್ತದಷ್ಟು. ಕೆಮಿಸ್ಟ್ ಹುಡುಗಿಯ ಮುಖ ಬಾಡಿತು. "ಮಣಿಗೆ ಜಿಡ್ಡು ಹಿಡಿದಿರಬಹುದು" ಅಂತ ಮೈ ಸುಡುವಂಥ ಕಾಸ್ಟಿಕ್ ಸೋಡಾ ನೀರನ್ನು ಬಹಳ ಹೊತ್ತು ಬಿಟ್ಟು ತೊಳೆದೆವು. ಪೈಪಿನ ಜೋಡಣೆ ಬಿಗಿಯುವಾಗ ಒಂದು ಹನಿ ಹಾರಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ನೀವು ಬಳೆ ಸುಟ್ಟ ಗುರುತಾ ಅಂತ ಕೇಳುತ್ತಿದ್ದಿರಲ್ಲ, ಅದು ಇದೇ. ಗೀಟು ಏಳಲಿಲ್ಲ. ಕಾಲಂ ಬಿಚ್ಚಿ, ಮಣಿಗಳನ್ನೆಲ್ಲ ಹೊರತೆಗೆದು, ನೀರಲ್ಲಿ ತೇಲಿಸಿ, ಗುಳ್ಳೆ ಬಾರದಂತೆ ಮತ್ತೆ ತುಂಬಿದೆವು. ತೋಳು ಸೋತು ಹೋಯಿತು. ಆಗಲೂ ಏಳಲಿಲ್ಲ. ಹಳೆಯ ಮೊಟ್ಟೆ ಇರಬಹುದು ಅಂತ ಆ ದಿನದ ಮೊಟ್ಟೆಯನ್ನೇ ಒಡೆಸಿದೆವು. ಅವಳು ಟ್ಯಾಂಕಿನ ಮೇಲಿಂದ ಸೌಟಿನಲ್ಲಿ ಬಿಳಿ ತೆಗೆದು ಪರೀಕ್ಷೆ ಮಾಡಿದಳು. ಎಲ್ಲ ಸರಿಯಾಗಿಯೇ ಇತ್ತು.

"ಕಾಲಂ ದಾಟಿ ಹೊರಗೆ ಹೋಗ್ತಿರೋ ಬಿಳೀನ ನೋಡ್ಬೇಕು ಅಮ್ಮ, ನಮ್ಮದು ಅದರ ಜೊತೆ ಓಡಿ ಹೋಗ್ತಿದ್ಯಾ ಅಂತ" ಅಂದಳು. ಆ ಪೈಪು ಮುಚ್ಚಿದ್ದು, ನೇರ ಒಣಗಿಸುವ ಕಡೆಗೆ ಹೋಗುತ್ತದೆ. ನಡುವಿನ ನಲ್ಲಿ ತೆರೆಯಲು ಮ್ಯಾನೇಜರ್ ಒಪ್ಪಬೇಕು. ಕೇಳಿದಳು. "ನಲ್ಲಿ ತೆಗೆದು ಆ ಮಾಲೂ ಕೆಡಿಸ್ತೀಯಾ? ನಿನ್ನ ಕಾಲಂ ನೀನು ನೋಡ್ಕೋ" ಅಂತ ಅಟ್ಟಿದ.

ಅವನ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಯಾರೋ ಒಣಗಿಸಿದ ಲೈಸೋಜೈಮ್ ಪುಡಿಯನ್ನು ಕದಿಯುತ್ತಿದ್ದಾರೆ. ಯಾರೋ ಅಂದರೆ ಹೆಂಗಸರು.

ಗೇಟಿನಲ್ಲಿ ತಪಾಸಣೆ ಶುರುವಾಯಿತು. ನಮ್ಮ ಊಟದ ಡಬ್ಬಿ ಬಿಚ್ಚಿಸಿದರು, ಸೆರಗು ಕೊಡವಿಸಿದರು. ಗಂಡಸರೆಲ್ಲ ಬೈಕಿನಲ್ಲಿ ಪಕ್ಕದಿಂದ ಹೊರಟುಹೋಗುತ್ತಿದ್ದರು, ನಾವು ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದೆವು. ಎರಡನೆಯ ಸಂಜೆಯೇ ಮುಳಬಾಗಿಲಕ್ಕನ ಸೆರಗಿನ ತುದಿಯಲ್ಲಿ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಬಿಳಿ ಹರಳು. ಕಲ್ಲುಪ್ಪು.

ಅದು ಏಕೆ ಅಂತ ನನಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಅವಳು ಅದರಿಂದ ಕೈ ಉಜ್ಜಿಕೊಂಡು ಬಸ್ಸು ಹತ್ತುತ್ತಿದ್ದಳು. ಯಾರೂ ಎದ್ದು ಹೋಗದಿರಲಿ ಅಂತ.

ಮ್ಯಾನೇಜರ್ ಬಂದ. "ಏನಿದು?"

"ಉಪ್ಪು ಸಾರ್."

"ಉಪ್ಪಾ? ತಿನ್ನು ನೋಡೋಣ."

ಅವಳು ನಕ್ಕಳು, ತಮಾಷೆ ಅಂದುಕೊಂಡು. ಅವನು ನಗಲಿಲ್ಲ. "ತಿನ್ನಮ್ಮ, ಎಲ್ಲಾರೂ ನೋಡ್ಲಿ." ಅವಳು ಒಂದು ಹರಳು ಬಾಯಿಗೆ ಹಾಕಿಕೊಂಡಳು. "ಇನ್ನಷ್ಟು" ಅಂದ. ಗಂಟಿನಲ್ಲಿದ್ದದ್ದನ್ನೆಲ್ಲ ತಿನ್ನಿಸಿದ. ಅವಳ ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು. ಆಮೇಲೆ ಅವನು ಅಂದ: "ಇವತ್ತು ಉಪ್ಪು, ನಾಳೆ ಪುಡಿ. ಉಪ್ಪು ತಿಂದ ಮನೆಗೆ ಎರಡು ಬಗೆಯೋ ಕಳ್ಳಿ ನೀನು. ನಾಳೆಯಿಂದ ಬರಬೇಡ."

ನಾವು ಸಾಲು ಬಿಟ್ಟು ಬಸ್ಸಿಗೆ ನಡೆದೆವು. ಬಸ್ಸು ಇಳಿಯುವಾಗ ಅವಳು, "ಅಕ್ಕ, ಕೆಲ್ಸ ಹೋದ್ರೆ ಹೋಯ್ತು, ಮಾವು ಇಳಿಸೋಕೆ ಹೋಗ್ತೀನಿ. ಆ ಮಾತು ಮಾತ್ರ ನಮ್ಮ ಬೀದಿಗೆ ನನಗಿಂತ ಮುಂಚೆ ಹೋಗಿರುತ್ತೆ ನೋಡು" ಅಂದಳು. ಹಾಗೇ ಆಗಿತ್ತು. ಅವಳ ಮಗಳನ್ನು ಪಕ್ಕದ ಮನೆಯವರು, "ನಿಮ್ಮಮ್ಮ ಏನು ತಂದ್ಲು ಇವತ್ತು?" ಅಂತ ಕೇಳಿದರಂತೆ.

ಮಕ್ಕಳೇ, ಸಿಟ್ಟು ನನಗೆ ಅಪರೂಪ. ನಿಮ್ಮ ತಾತನ ಮನೆಯವರು ಏನೆಂದರೂ ನುಂಗಿದವಳು. ಮರುದಿನ ಕಾಲಂ ಮುಂದೆ ನಿಂತಾಗ ಮಾತ್ರ ಕಿವಿಯೊಳಗೆ ರಕ್ತ ಬಡಿಯುವುದು ಕೇಳಿಸುತ್ತಿತ್ತು. ಬಿಳಿ ಇಳಿಯುತ್ತಿತ್ತು. ಕೆಮಿಸ್ಟ್ ಹುಡುಗಿ ತಲೆ ಹಿಡಿದು ಕೂತಿದ್ದಳು.

"ಆ ನಲ್ಲಿ ತೆಗೆದ್ರೆ ಗೊತ್ತಾಗುತ್ತಾ ಮಗಾ, ಅವಳು ಕದ್ದಿಲ್ಲ ಅಂತ?"

"ಗೊತ್ತಾಗುತ್ತೆ ಅಮ್ಮ. ಆದ್ರೆ ಮ್ಯಾನೇಜರ್ ಸಾರ್..."

ನಾನು ಸ್ಪ್ಯಾನರ್ ತೆಗೆದುಕೊಂಡೆ. ಅವಳು ಎದ್ದು ಬಾಗಿಲ ಹತ್ತಿರ ಕಾವಲು ನಿಂತಳು. ನಲ್ಲಿ ಬಿಗಿಯಾಗಿತ್ತು. ಎರಡು ಕೈಯಲ್ಲೂ ತಿರುಗಿಸಿ ಒಂದು ಲೋಟ ಬಿಳಿ ಹಿಡಿದು ಮತ್ತೆ ಮುಚ್ಚಿದೆ. ನನ್ನ ಜೀವನದಲ್ಲಿ ಯಾರನ್ನೂ ಕೇಳದೆ ಮಾಡಿದ ಕೆಲಸಗಳು ಬಹಳ ಇಲ್ಲ.

ಅವಳ ಹತ್ತಿರ ಒಂದು ಬಗೆಯ ಸತ್ತ ರೋಗಾಣುಗಳ ಪುಡಿ ಇತ್ತು. ನೀರಿಗೆ ಹಾಕಿದರೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗುತ್ತದೆ. ಲೈಸೋಜೈಮ್ ಇದ್ದರೆ ಆ ಮಬ್ಬನ್ನು ತಿಂದು ನೀರು ತಿಳಿಯಾಗುತ್ತದೆ. ಲೋಟದಿಂದ ಕೆಲವು ಹನಿ ಹಾಕಿದಳು. ಇಬ್ಬರೂ ಬಗ್ಗಿ ನೋಡಿದೆವು. ಗಾಜಿನ ಆಚೆ ಇಟ್ಟಿದ್ದ ಅವಳ ಪೆನ್ನು ಮೊದಲು ನೆರಳಿನಂತೆ, ಆಮೇಲೆ ಸ್ಪಷ್ಟವಾಗಿ ಕಂಡಿತು.

"ಇಲ್ಲೇ ಇದೆ ಅಮ್ಮ! ಎಲ್ಲಾ ಇಲ್ಲೇ ಹರಿದು ಹೋಗ್ತಾ ಇದೆ. ಸೀಟಲ್ಲಿ ಕೂರ್ತಾನೇ ಇಲ್ಲ!"

"ಯಾಕೆ ಕೂರ್ತಿಲ್ಲ?"

"ಬೇರೆ ಯಾರೋ ಕೂತಿರಬೇಕು" ಅಂದವಳೇ ಉಪ್ಪಿನ ಮೀಟರನ್ನು ಆ ಲೋಟಕ್ಕೆ ಅದ್ದಿದಳು. ಅಂಕಿ ಮೇಲಕ್ಕೆ ಹಾರಿತು. ಟ್ಯಾಂಕಿಗೆ ಓಡಿದಳು. ಮೇಲಿಂದ ಸೌಟಿನಲ್ಲಿ ತೆಗೆದದ್ದಕ್ಕೆ ಅಂಕಿ ಸರಿಯಾಗಿತ್ತು. ಕೆಳಗಿನ ನಲ್ಲಿಯಿಂದ ತೆಗೆದದ್ದಕ್ಕೆ ಮತ್ತೆ ಹಾರಿತು. ಬಿಳಿ ಅಂದರೆ ಲೋಳೆ, ಕಲಕಿದರೆ ನೊರೆ ಬರುತ್ತದೆ ಅಂತ ಅದನ್ನು ಯಾರೂ ಕಲಕುವುದಿಲ್ಲ. ಟ್ಯಾಂಕಿನ ತಳದ ಗುಂಡಿಯಲ್ಲಿ, ಬಾಗಿದ ಪೈಪಿನಲ್ಲಿ, ಸಾಲದ ನೀರಿಗೆ ಕೊಚ್ಚಿಹೋಗದೆ ಉಳಿದ ಕಲ್ಲುಪ್ಪು ತಳದಲ್ಲೇ ಮೆಲ್ಲಗೆ ಕರಗುತ್ತಿತ್ತು. ಕಾಲಂಗೆ ಹೋಗುವುದು ತಳದಿಂದಲೇ. ಲೈಸೋಜೈಮ್ ಬರುವ ಹೊತ್ತಿಗೆ ಉಪ್ಪಿನ ಗುಂಪೂ ಜೊತೆಗೇ ನುಗ್ಗಿ ಸೀಟು ಹಿಡಿಯುತ್ತಿತ್ತು.

"ಟ್ಯಾಂಕಿಗೆ ಉಪ್ಪು ಯಾರು ಹಾಕಿದ್ರು?" ಅಂತ ಅವಳು ನನ್ನನ್ನು ಕೇಳಿದಳು.

ಇಲ್ಲಿ ನಾನು ಯೋಚನೆ ಮಾಡಿದೆ. ಹೇಳಿದರೆ ಕಳ್ಳಿ ಅನ್ನುವ ಮಾತು ಹೋಗುತ್ತದೆ, ಮಾಲು ಹಾಳು ಮಾಡಿದವಳು ಅನ್ನುವ ಮಾತು ಬರುತ್ತದೆ. ಆ ಮಾತನ್ನು ಹೊರಬೇಕಾದವಳು ಮುಳಬಾಗಿಲಕ್ಕ, ನಾನಲ್ಲ. ಹುಡುಗಿಗೆ ಒಂದು ದಿನ ತಡೆ ಅಂದೆ. ಸಂಜೆ ಕೋಲಾರದಲ್ಲಿ ಮುಳಬಾಗಿಲಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ರಾಗಿ ಬೀಸುವುದಕ್ಕೆ ಕೊಡಲು ಹಸನು ಮಾಡುತ್ತಾ ಕೇಳಿದಳು. ಕಲ್ಲು ಹೆಕ್ಕುವುದನ್ನು ನಿಲ್ಲಿಸಲಿಲ್ಲ.

"ಉಪ್ಪು ಹಾಕಿ ಉಜ್ಜು ಅಂದಿದ್ಯಾರು ಅಕ್ಕ?"

"ಅವನೇ."

"ಎಷ್ಟು ಜನ ಕೇಳಿಸ್ಕೊಂಡ್ರು?"

"ಹಾಲಿನಲ್ಲಿದ್ದೋರೆಲ್ಲ."

"ಹಂಗಾದ್ರೆ ನೀನು ಹೇಳು. ಆ ಕಳ್ಳಿ ಅನ್ನೋ ಮಾತನ್ನ ಮಾತ್ರ ಗೇಟಲ್ಲೇ ವಾಪಸ್ ತಗೋಬೇಕು. ಆಫೀಸ್ ರೂಮಲ್ಲಿ ಬೇಡ."

ಮರುದಿನ ನಾವಿಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಕೆಮಿಸ್ಟ್ ಹುಡುಗಿ ಎರಡು ಲೋಟ ಬಿಳಿ ಅವನ ಮುಂದೆ ಇಟ್ಟಳು, ಮೇಲಿನದೊಂದು, ತಳದ್ದೊಂದು. ಅಳುಕದೆ ವಿವರಿಸಿದಳು. ಅವನು ಮೀಟರನ್ನು ತಾನೇ ಅದ್ದಿ ನೋಡಿದ. "ಟ್ಯಾಂಕಿಗೆ ಉಪ್ಪು ಹಾಕಿದ್ದು ಯಾವ ಮುಟ್ಠಾಳ?" ಅಂತ ಕೂಗಿದ.

"ನೀವೇ ಹೇಳಿದ್ರಿ ಸಾರ್" ಅಂದೆ. ದನಿ ಹೊರಗೆ ಬಂತೋ ಇಲ್ಲವೋ ಅಂತ ಮತ್ತೊಮ್ಮೆ ಅಂದೆ. "ಮೂಟೆ ಮೂಟೆ ಬಿದ್ದಿದೆ, ಹಾಕಿ ಉಜ್ಜಿ ಅಂದ್ರಿ. ಮದುವೆ ಹೆಣ್ಣಾ ನೀನು ಅಂತಾನೂ ಅಂದ್ರಿ."

ಅವನಿಗೆ ನೆನಪೇ ಇರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ್ದು ಅದೇ. ಒಬ್ಬಳು ಹೆಂಗಸು ಉಪ್ಪು ತಿಂದು, ಹೆಸರು ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ, ಅದಕ್ಕೆ ಕಾರಣವಾದ ಮಾತು ಇವನ ನೆನಪಿನಲ್ಲೂ ಇಲ್ಲ.

"ಸರಿ ಸರಿ. ನಾಳೆಯಿಂದ ಬರೋಕೆ ಹೇಳಿ ಅವಳಿಗೆ. ಸೋಪು ತರಿಸ್ತೀನಿ. ಮುಗೀತಲ್ಲ?"

"ಮುಗೀಲಿಲ್ಲ ಸಾರ್" ಅಂದೆ. ಏನು ಬೇಕು ಅಂತ ಹೇಳಿದೆ. ಅವನು ನಕ್ಕುಬಿಟ್ಟ.

ಮರುದಿನ ಬೆಳಿಗ್ಗೆ ಮುಳಬಾಗಿಲಕ್ಕ ಗೇಟಿಗೆ ಬಂದಳು. ತಲೆಗೆ ಹೂವು ಮುಡಿದಿದ್ದಳು. ಒಳಗೆ ಬರಲಿಲ್ಲ. ನಾನು ಅವಳ ಪಕ್ಕ ನಿಂತೆ. ನನ್ನ ಹಿಂದೆ ಮೊಟ್ಟೆ ಒಡೆಯುವ ಹೆಂಗಸರು ಒಬ್ಬೊಬ್ಬರಾಗಿ ನಿಂತರು, ಯಾರೂ ಯಾರಿಗೂ ಹೇಳಿರಲಿಲ್ಲ. ಒಳಗೆ ಮೊಟ್ಟೆ ಲಾರಿ ಬಂದು ನಿಂತಿತ್ತು, ಬಿಸಿಲು ಏರುತ್ತಿತ್ತು, ಮೊಟ್ಟೆ ಕಾಯುವುದಿಲ್ಲ. ಮ್ಯಾನೇಜರ್ ಮೊದಲು ಗೇಟಿನವನನ್ನು ಕಳಿಸಿದ. ಆಮೇಲೆ ಕೆಮಿಸ್ಟ್ ಹುಡುಗಿಯನ್ನು ಕಳಿಸಿದ. ಅವಳು ಬಂದವಳು ವಾಪಸ್ ಹೋಗದೆ ನಮ್ಮ ಕಡೆಗೇ ನಿಂತಳು. ಕೊನೆಗೆ ಅವನೇ ಬಂದ.

"ತಪ್ಪಾಯ್ತು ಕಣಮ್ಮ" ಅಂದ, ಲಾರಿಯ ಕಡೆ ನೋಡುತ್ತಾ.

"ವಿನಪಡಲೇದು ಸಾರ್. ಕೇಳಿಸ್ಲಿಲ್ಲ" ಅಂದಳು.

"ತಪ್ಪಾಯ್ತು. ನೀನು ಕದ್ದಿಲ್ಲ."

"ಅವತ್ತು ಅಷ್ಟು ಜೋರಾಗಿ ಅಂದ್ರಲ್ಲ ಸಾರ್, ರಸ್ತೆ ಆಚೆ ಚಹಾ ಅಂಗಡಿಯೋರಿಗೂ ಕೇಳಿಸಿತ್ತು."

ಅವನ ಕುತ್ತಿಗೆಯ ನರ ಉಬ್ಬಿತು. ಲಾರಿಯ ಡ್ರೈವರ್ ಹಾರ್ನ್ ಹೊಡೆದ. ಮ್ಯಾನೇಜರ್ ಕೂಗಿ ಹೇಳಿದ: "ಇವಳು ಕಳ್ಳಿ ಅಲ್ಲ! ತಪ್ಪು ನನ್ನದು! ಆಯ್ತಾ?"

"ಆಯ್ತು" ಅಂದಳು. ಸೆರಗನ್ನು ಕೊಡವಿ, ಎಲ್ಲರಿಗೂ ಕಾಣುವಂತೆ ತುದಿ ಎತ್ತಿ ತೋರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ತಿರುಗಿದಳು.

"ಎಲ್ಲಿಗೆ ಹೋಗ್ತೀಯ? ಕೆಲಸ?" ಅಂತ ಅವನು ಕೇಳಿದ.

"ಕೆಲಸಕ್ಕೆ ಬಂದಿರಲಿಲ್ಲ ಸಾರ್. ಆ ಮಾತು ತಗೊಂಡು ಹೋಗೋಕೆ ಬಂದಿದ್ದೆ."

ನನಗೆ ಕೆಲಸ ಬಿಡುವ ಹಾಗಿರಲಿಲ್ಲ, ನಿಮ್ಮಪ್ಪನ ಓದು ಇನ್ನೂ ಮುಗಿದಿರಲಿಲ್ಲ. ಒಳಗೆ ಹೋದೆ. ಮೊಟ್ಟೆ ಒಡೆಯುವ ಹಾಲಿನ ಬಾಗಿಲಲ್ಲಿ ಹೊಸ ಸೋಪಿನ ಕ್ಯಾನು ಇಟ್ಟಿದ್ದರು. ಟ್ಯಾಂಕನ್ನು ಆ ದಿನ ನಾನೇ ತೊಳೆದೆ, ತಳದ ಗುಂಡಿಯೊಳಗೆ ಕೈ ಹಾಕಿ, ಮೀಟರಿನ ಅಂಕಿ ಪೂರ್ತಿ ಇಳಿಯುವವರೆಗೆ. ನೀರು ಸಾಲದು ಅಂತ ಯಾರೂ ಅನ್ನಲಿಲ್ಲ. ಮಧ್ಯಾಹ್ನ ಪರದೆಯ ಮೇಲೆ ಗೀಟು ಬೆಟ್ಟದ ಹಾಗೆ ಎದ್ದಿತು. ಕೆಮಿಸ್ಟ್ ಹುಡುಗಿ ಕುಣಿದಳು. ನಾನು ನೋಡಿ ಕೈ ತೊಳೆಯಲು ಹೋದೆ.

ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಯಾರೋ ಬಂದು ಕೂತರು, ಎದ್ದು ಹೋಗಲಿಲ್ಲ. ಅದು ಮುಳಬಾಗಿಲಕ್ಕನ ಸೀಟು. ಎದ್ದೇಳಿ ಅನ್ನಬೇಕು ಅನ್ನಿಸಿತು.